ವೈದ್ಯಕೀಯ ಪ್ರವೇಶ ಪರೀಕ್ಷೆಗೆ ಪುನಃ ಕುಳಿತುಕೊಳ್ಳುವ ನಿರ್ಣಯ: ಒಂದು ಐತಿಹಾಸಿಕ ವಿವೇಚನೆ

೧. ಪ್ರಶ್ನೆಯ ಸ್ವರೂಪ

ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲೂಕಿನಲ್ಲಿರುವ ತಡಸವು ಹುಬ್ಬಳ್ಳಿಗೆ ಸಮೀಪದ ಊರು. ಈ ಭಾಗದ ಹಳ್ಳಿಗಳಿಂದ ಅನೇಕ ವಿದ್ಯಾರ್ಥಿಗಳು ಹುಬ್ಬಳ್ಳಿ, ಧಾರವಾಡ, ಹಾವೇರಿಗಳ ಕಾಲೇಜುಗಳಿಗೆ ಹೋಗಿ ವಿಜ್ಞಾನವನ್ನು ವ್ಯಾಸಂಗ ಮಾಡುತ್ತಾರೆ. ವೈದ್ಯಕೀಯ ಶಿಕ್ಷಣಕ್ಕೆ ಪ್ರವೇಶ ಕೊಡುವ ರಾಷ್ಟ್ರೀಯ ಅರ್ಹತಾ ಹಾಗೂ ಪ್ರವೇಶ ಪರೀಕ್ಷೆಯ, ಅಂದರೆ ಎಲ್ಲರ ಬಾಯಲ್ಲಿರುವ ‘ನೀಟ್’ ಪರೀಕ್ಷೆಯ, ಫಲಿತಾಂಶವು ಸಾಮಾನ್ಯವಾಗಿ ಜೂನ್ ತಿಂಗಳಲ್ಲಿ ಹೊರಬೀಳುತ್ತದೆ. ಅದೇ ತಿಂಗಳಲ್ಲಿ ಈ ಸೀಮೆಯ ರೈತನು ಕೈಯಲ್ಲಿದ್ದ ಹಣವನ್ನೆಲ್ಲ ಗೋವಿನಜೋಳ, ಹತ್ತಿಗಳ ಬೀಜ-ಗೊಬ್ಬರಗಳಿಗೆ ಹಾಕಿ ಮಳೆಯ ದಾರಿ ನೋಡುತ್ತಿರುತ್ತಾನೆ. ಇಂಥ ಹೊತ್ತಿನಲ್ಲಿ ಮಗನಿಗಾಗಲಿ ಮಗಳಿಗಾಗಲಿ ವೈದ್ಯಕೀಯ ಸೀಟು ದೊರೆಯಲಾರದೆಂದು ತಿಳಿದುಬಂದಾಗ ಮನೆಯವರ ಮುಂದೆ ಒಂದು ಕಠಿಣ ಪ್ರಶ್ನೆ ಬಂದು ನಿಲ್ಲುತ್ತದೆ: ಇನ್ನೊಂದು ವರ್ಷ ಕಾಯ್ದು ಪರೀಕ್ಷೆಗೆ ಪುನಃ ಕುಳಿತುಕೊಳ್ಳಬೇಕೋ, ಅಥವಾ ದೊರೆತ ಬೇರೆ ವ್ಯಾಸಂಗವನ್ನು ಹಿಡಿದು ಮುಂದೆ ಸಾಗಬೇಕೋ?

ಈ ಪ್ರಶ್ನೆಗೆ ನಮ್ಮಲ್ಲಿ ಎರಡು ಬಗೆಯ ಉತ್ತರಗಳು ಸಿದ್ಧವಾಗಿಯೇ ಇರುತ್ತವೆ. ‘ಛಲ ಬಿಡಬಾರದು’ ಎಂಬುದು ಒಂದು. ‘ಹಣೆಯಲ್ಲಿ ಬರೆದಿಲ್ಲ’ ಎಂಬುದು ಇನ್ನೊಂದು. ಇವೆರಡೂ ಒಂದು ವಿಷಯದಲ್ಲಿ ಸಮಾನವಾಗಿವೆ: ಎರಡಕ್ಕೂ ಆಧಾರದ ಅಗತ್ಯವಿಲ್ಲ. ವಿದ್ಯಾರ್ಥಿಯ ಅಂಕಪಟ್ಟಿಯನ್ನು ನೋಡದೆಯೇ ಇವುಗಳನ್ನು ಹೇಳಿಬಿಡಬಹುದು. ಆದರೆ ಇದು ವಿಚಾರಮಾಡಿ ನಿರ್ಣಯಿಸಬೇಕಾದ ವಿಷಯವಾಗಿದ್ದು, ಪದವಿಪೂರ್ವ ಹಾಗೂ ಪದವಿ ಕಾಲೇಜುಗಳ ಅಧ್ಯಾಪಕರಾದ ನಮ್ಮಲ್ಲಿಗೆ ವಿದ್ಯಾರ್ಥಿಗಳೂ ಪಾಲಕರೂ ಸಲಹೆ ಕೇಳಿಕೊಂಡು ಬರುವುದು ತಪ್ಪುವುದಿಲ್ಲ.

ಇತಿಹಾಸದ ಅಧ್ಯಾಪಕನೊಬ್ಬನು ಈ ವಿಷಯವನ್ನು ಎತ್ತಿಕೊಂಡುದಕ್ಕೆ ಕಾರಣವಿದೆ. ಪರೀಕ್ಷೆಯ ವಿಷಯದಲ್ಲಿ ನಾವು ಬಳಸುವ ಮಾತುಗಳು, ಅವುಗಳಲ್ಲಿಯೂ ‘ಪಾಸು’, ‘ನಾಪಾಸು’, ‘ವರ್ಷ ಹಾಳಾಯಿತು’ ಎಂಬ ಮಾತುಗಳು, ಒಂದು ಕಾಲದ ಪರೀಕ್ಷಾಪದ್ಧತಿಯಿಂದ ಹುಟ್ಟಿದವು. ಆ ಪದ್ಧತಿ ವೈದ್ಯಕೀಯ ಪ್ರವೇಶದ ಮಟ್ಟಿಗೆ ಈಗ ಉಳಿದಿಲ್ಲ. ಮಾತುಗಳು ಮಾತ್ರ ಉಳಿದಿವೆ. ಹಳೆಯ ಮಾತಿನಿಂದ ಹೊಸ ಪರೀಕ್ಷೆಯನ್ನು ಅಳೆಯಲು ಹೋಗುವುದರಿಂದಲೇ ಪುನಃಪರೀಕ್ಷೆಯ ನಿರ್ಣಯದಲ್ಲಿ ಬಹಳಷ್ಟು ಗೊಂದಲವುಂಟಾಗಿದೆ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ತೋರಿಸಲು ಪ್ರಯತ್ನಿಸಲಾಗಿದೆ.

೨. ಗೆರೆ ದಾಟುವ ಪರೀಕ್ಷೆ

ಶಿಗ್ಗಾವಿ ಸೀಮೆಯು ೧೯೫೬ರ ನವೆಂಬರ್ ೧ರಂದು ರಾಜ್ಯಗಳ ಪುನರ್ವಿಂಗಡಣೆಯಾಗುವವರೆಗೆ ಮುಂಬಯಿ ರಾಜ್ಯದ ಧಾರವಾಡ ಜಿಲ್ಲೆಗೆ ಸೇರಿದ್ದಿತು. ಹಾವೇರಿಯು ಪ್ರತ್ಯೇಕ ಜಿಲ್ಲೆಯಾದುದು ೧೯೯೭ರಲ್ಲಿ. ಆದುದರಿಂದ ಈ ಭಾಗದ ಉಚ್ಚ ಶಿಕ್ಷಣದ ಇತಿಹಾಸವು ಬಹುಕಾಲ ಮುಂಬಯಿಯ ಇತಿಹಾಸದೊಡನೆ ಹೆಣೆದುಕೊಂಡಿತ್ತು. ಮುಂಬಯಿ ವಿಶ್ವವಿದ್ಯಾಲಯವು ೧೮೫೭ರಲ್ಲಿ ಸ್ಥಾಪಿತವಾಗಿ ೧೮೫೯ರಲ್ಲಿ ತನ್ನ ಮೊದಲ ಮೆಟ್ರಿಕ್ಯುಲೇಶನ್ ಪರೀಕ್ಷೆಯನ್ನು ನಡೆಸಿತು. ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾದುದು ೧೯೧೭ರಲ್ಲಿ. ವೈದ್ಯನಾಗಬಯಸುವ ತರುಣನು ಮೆಟ್ರಿಕ್ ಮುಗಿಸಿ, ಕಾಲೇಜಿನಲ್ಲಿ ವಿಜ್ಞಾನದ ಇಂಟರ್ ಪರೀಕ್ಷೆಯನ್ನು ದಾಟಿ, ಅನಂತರ ೧೮೪೫ರಲ್ಲಿ ಸ್ಥಾಪಿತವಾದ ಮುಂಬಯಿಯ ಗ್ರಾಂಟ್ ಮೆಡಿಕಲ್ ಕಾಲೇಜಿಗಾಗಲಿ, ೧೯೨೬ರ ಸೇಠ ಗೋರ್ಧನದಾಸ ಸುಂದರದಾಸ ಮೆಡಿಕಲ್ ಕಾಲೇಜಿಗಾಗಲಿ ಹೋಗಬೇಕಾಗಿದ್ದಿತು. ಪುಣೆಯ ಬೈರಾಮಜಿ ಜೀಜೀಭಾಯಿ ವೈದ್ಯಕೀಯ ಶಾಲೆಯು ಕಾಲೇಜಿನ ದರ್ಜೆಗೆ ಏರಿದುದು ೧೯೪೬ರಲ್ಲಿ. ಮೈಸೂರು ಸಂಸ್ಥಾನದ ಮೆಡಿಕಲ್ ಕಾಲೇಜು ೧೯೨೪ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ ೧೯೩೦ರಲ್ಲಿ ಮೈಸೂರಿಗೆ ಬಂದಿತಾದರೂ, ಅದು ಇನ್ನೊಂದು ಆಡಳಿತಕ್ಕೆ ಸೇರಿದ ಸಂಸ್ಥೆಯಾಗಿದ್ದಿತು.

ರಾಜ್ಯ ಪುನರ್ವಿಂಗಡಣೆಯ ಮರುವರ್ಷವೇ, ೧೯೫೭ರಲ್ಲಿ, ಹುಬ್ಬಳ್ಳಿಯಲ್ಲಿ ಕರ್ನಾಟಕ ಮೆಡಿಕಲ್ ಕಾಲೇಜು ಸ್ಥಾಪಿತವಾಯಿತು. ಜನರು ಇಂದಿಗೂ ‘ಕಿಮ್ಸ್’ ಎಂದು ಕರೆಯುವ ಸಂಸ್ಥೆ ಇದೇ. ೧೯೬೩ರಲ್ಲಿ ಬೆಳಗಾವಿಯ ಜವಾಹರಲಾಲ ನೆಹರೂ ಮೆಡಿಕಲ್ ಕಾಲೇಜು ಹುಟ್ಟಿತು. ಹಾವೇರಿ ಜಿಲ್ಲೆಗೆ ತನ್ನದೇ ಆದ ಸರಕಾರಿ ವೈದ್ಯಕೀಯ ಕಾಲೇಜು ದೊರೆತುದು ೨೦೨೨ರಲ್ಲಿ. ೧೫೦ ಸೀಟುಗಳೊಡನೆ ಅದು ಮೊದಲ ತಂಡಕ್ಕೆ ಪ್ರವೇಶ ಕೊಟ್ಟಿತು. ಹೀಗೆ ಮುಂಬಯಿಯವರೆಗೆ ಇದ್ದ ದಾರಿ ಅರುವತ್ತೈದು ವರ್ಷಗಳಲ್ಲಿ ಜಿಲ್ಲೆಯೊಳಕ್ಕೆ ಬಂದಿತು. ಆದರೆ ದಾರಿ ಸಮೀಪವಾದಂತೆ ಬಾಗಿಲಿನ ಸ್ವರೂಪವೇ ಬದಲಾಯಿತು.

ಹಿಂದಿನ ಮೆಟ್ರಿಕ್, ಇಂಟರ್ ಪರೀಕ್ಷೆಗಳಲ್ಲಿ ಒಂದು ನಿಶ್ಚಿತ ಅಂಕದ ಗೆರೆ ಇರುತ್ತಿದ್ದಿತು. ಆ ಗೆರೆಯನ್ನು ದಾಟಿದವನು ಉತ್ತೀರ್ಣ, ದಾಟದವನು ಅನುತ್ತೀರ್ಣ. ಪಕ್ಕದಲ್ಲಿ ಕುಳಿತವನು ಎಷ್ಟು ಅಂಕ ಪಡೆದನೆಂಬುದಕ್ಕೂ ನನ್ನ ಉತ್ತೀರ್ಣತೆಗೂ ಸಂಬಂಧವಿರಲಿಲ್ಲ. ಒಬ್ಬನು ಗಣಿತದಲ್ಲಿ ಏಳು ಅಂಕಗಳಿಂದ ಹಿಂದೆ ಬಿದ್ದರೆ, ಪುನಃ ಕಟ್ಟುವ ಮೊದಲು ಅವನಿಗೆ ತಾನು ಕ್ರಮಿಸಬೇಕಾದ ದೂರವು ಖಚಿತವಾಗಿ ಗೊತ್ತಿರುತ್ತಿದ್ದಿತು: ಏಳು ಅಂಕಗಳು. ಆ ಗೆರೆ ಮುಂದಿನ ಪರೀಕ್ಷೆಯ ವೇಳೆಗೂ ಅಲ್ಲಿಯೇ ನಿಂತಿರುತ್ತಿದ್ದಿತು. ಇಂಥ ಪರೀಕ್ಷೆಯಲ್ಲಿ ಛಲದ ಉಪದೇಶವು ಸಾರ್ಥಕವಾದ ಉಪದೇಶವೇ ಸರಿ. ಏಕೆಂದರೆ ಗೆರೆ ಚಲಿಸುವುದಿಲ್ಲ, ಪ್ರಯತ್ನಿಸುವವನು ಮಾತ್ರ ಚಲಿಸುತ್ತಾನೆ.

೩. ಅಂಕದಿಂದ ಕ್ರಮಾಂಕಕ್ಕೆ

ಅರ್ಹರಾದವರು ಹೆಚ್ಚಿ ಸೀಟುಗಳು ಕಡಿಮೆಯಾದಾಗ, ಗೆರೆ ದಾಟಿದವರಲ್ಲಿಯೇ ಆಯ್ಕೆ ಮಾಡಬೇಕಾಗುತ್ತದೆ. ಮೊದಲಿಗೆ ಅರ್ಹತಾ ಪರೀಕ್ಷೆಯ ಅಂಕಗಳನ್ನೇ ಇಳಿಮುಖವಾಗಿ ಜೋಡಿಸಿ ಪಟ್ಟಿ ಮಾಡುವ ಕ್ರಮ ಬಂದಿತು. ಖಾಸಗಿ ಕಾಲೇಜುಗಳು ಬೆಳೆದಂತೆ ದೇಣಿಗೆಯ ಹೆಸರಿನಲ್ಲಿ ಹಣ ಪಡೆದು ಸೀಟು ಕೊಡುವ ರೂಢಿ ಹಬ್ಬಿತು. ಕರ್ನಾಟಕ ಸರಕಾರವು ೧೯೮೪ರಲ್ಲಿ ಕ್ಯಾಪಿಟೇಶನ್ ಶುಲ್ಕವನ್ನು ನಿಷೇಧಿಸುವ ಕಾಯಿದೆಯನ್ನು ಮಾಡಿತು. ಮೋಹಿನಿ ಜೈನ್ ವಿರುದ್ಧ ಕರ್ನಾಟಕ ರಾಜ್ಯ ಎಂಬ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ೧೯೯೨ರಲ್ಲಿ ಅಂಥ ಶುಲ್ಕವನ್ನು ಸಂವಿಧಾನಬಾಹಿರವೆಂದು ಹೇಳಿತು. ೧೯೯೩ರ ಉನ್ನಿಕೃಷ್ಣನ್ ತೀರ್ಪು ಖಾಸಗಿ ಕಾಲೇಜುಗಳ ಸೀಟುಗಳಿಗೂ ಅರ್ಹತೆಯ ಕ್ರಮವನ್ನು ವಿಧಿಸಿತು. ಇದರ ಫಲವಾಗಿ ೧೯೯೪ರಲ್ಲಿ ಕರ್ನಾಟಕದಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆ, ಅಂದರೆ ‘ಸಿ.ಇ.ಟಿ.’, ಆರಂಭವಾಯಿತು. ಹಣವುಳ್ಳವನಿಗೆ ಮಾತ್ರ ತೆರೆಯುತ್ತಿದ್ದ ಬಾಗಿಲು ಹಳ್ಳಿಯ ಜಾಣ ವಿದ್ಯಾರ್ಥಿಗೂ ತೆರೆಯಿತೆಂಬುದು ಈ ಪರೀಕ್ಷೆಯ ದೊಡ್ಡ ಉಪಕಾರ.

ರಾಷ್ಟ್ರಮಟ್ಟದ ಏಕಪರೀಕ್ಷೆಯು ಮೊದಲು ೨೦೧೩ರ ಮೇ ತಿಂಗಳಲ್ಲಿ ನಡೆಯಿತು. ಅದೇ ವರ್ಷದ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ರದ್ದುಪಡಿಸಿತು. ೨೦೧೬ರ ಏಪ್ರಿಲ್‌ನಲ್ಲಿ ಆ ತೀರ್ಪನ್ನು ಹಿಂದಕ್ಕೆ ಪಡೆಯಿತು. ಅದೇ ವರ್ಷದ ಮೇ ತಿಂಗಳ ಸುಗ್ರೀವಾಜ್ಞೆಯ ಮೂಲಕ ರಾಜ್ಯಗಳ ಸೀಟುಗಳಿಗೆ ಒಂದು ವರ್ಷದ ವಿನಾಯಿತಿ ದೊರೆತು, ೨೦೧೭ರಿಂದ ಕರ್ನಾಟಕದ ವೈದ್ಯಕೀಯ ಸೀಟುಗಳೂ ನೀಟ್ ಕ್ರಮಾಂಕದ ಮೇಲೆ ಹಂಚಿಕೆಯಾಗತೊಡಗಿದವು. ಆ ವರ್ಷದಿಂದಲೇ ಪ್ರಶ್ನಪತ್ರಿಕೆಯು ಕನ್ನಡದಲ್ಲಿಯೂ ದೊರೆಯಲಾರಂಭಿಸಿತು. ೨೦೧೯ರಿಂದ ಪರೀಕ್ಷೆಯ ಹೊಣೆ ರಾಷ್ಟ್ರೀಯ ಪರೀಕ್ಷಾ ಸಂಸ್ಥೆಯದಾಯಿತು.

ಈ ಇತಿಹಾಸದಲ್ಲಿ ನಮಗೆ ಮುಖ್ಯವಾದ ಅಂಶವೊಂದಿದೆ. ಸಿ.ಇ.ಟಿ.ಯಾಗಲಿ ನೀಟ್ ಆಗಲಿ ಗೆರೆ ದಾಟುವ ಪರೀಕ್ಷೆಗಳಲ್ಲ. ಅವು ಸರತಿಯ ಸಾಲನ್ನು ರಚಿಸುವ ಪರೀಕ್ಷೆಗಳು. ಇಲ್ಲಿ ಸೀಟು ದೊರೆಯದವನು ಅನುತ್ತೀರ್ಣನಲ್ಲ, ಸೀಟುಗಳು ಮುಗಿದ ಸ್ಥಳಕ್ಕಿಂತ ಹಿಂದೆ ನಿಂತವನು. ಅನುತ್ತೀರ್ಣತೆಯು ವಿದ್ಯಾರ್ಥಿಗೂ ವಿಷಯಕ್ಕೂ ಇರುವ ಸಂಬಂಧ. ಕ್ರಮಾಂಕವಾದರೋ ಒಬ್ಬ ವಿದ್ಯಾರ್ಥಿಗೂ ಉಳಿದ ಲಕ್ಷಾಂತರ ವಿದ್ಯಾರ್ಥಿಗಳಿಗೂ ಇರುವ ಸಂಬಂಧ. ಮೊದಲನೆಯದನ್ನು ತನ್ನ ಪ್ರಯತ್ನದಿಂದ ಸಂಪೂರ್ಣವಾಗಿ ಬದಲಿಸಬಹುದು. ಎರಡನೆಯದನ್ನು ಭಾಗಶಃ ಮಾತ್ರ.

೪. ಎರಡು ವರ್ಷಗಳ ಸಾಕ್ಷ್ಯ

ಮೇಲಿನ ಮಾತನ್ನು ಅಂಕಿಗಳಿಂದ ಸ್ಪಷ್ಟಪಡಿಸಬಹುದು. ೨೦೨೫ರಲ್ಲಿ ದೇಶದಲ್ಲಿ ಸುಮಾರು ೨೨.೦೯ ಲಕ್ಷ ವಿದ್ಯಾರ್ಥಿಗಳು ನೀಟ್ ಬರೆದರು. ಅವರಲ್ಲಿ ಸುಮಾರು ೧೨.೩೬ ಲಕ್ಷ ಮಂದಿ ‘ಅರ್ಹ’ರಾದರು. ಎಂ.ಬಿ.ಬಿ.ಎಸ್. ಸೀಟುಗಳ ಸಂಖ್ಯೆ ಸುಮಾರು ೧.೨ ಲಕ್ಷ. ಅಂದರೆ ಹತ್ತು ಮಂದಿ ಅರ್ಹರಿಗೆ ಸರಿಸುಮಾರು ಒಂದು ಸೀಟು. ಸರಕಾರಿ ಹಾಗೂ ಖಾಸಗಿ ಸೀಟುಗಳೆರಡೂ ಈ ಲೆಕ್ಕದಲ್ಲಿ ಸೇರಿವೆಯೆಂಬುದನ್ನು ನೆನಪಿಡಬೇಕು. ‘ನಮ್ಮ ಹುಡುಗಿ ನೀಟ್ ಪಾಸಾಗಿದ್ದಾಳೆ, ಆದರೂ ಸೀಟು ಸಿಗಲಿಲ್ಲ’ ಎಂದು ಪಾಲಕರು ಅಚ್ಚರಿಪಡುವುದು ಈ ‘ಅರ್ಹತೆ’ಯನ್ನು ಹಿಂದಿನ ಕಾಲದ ‘ಉತ್ತೀರ್ಣತೆ’ಯೆಂದು ಭಾವಿಸುವುದರಿಂದ.

ಗೆರೆಯು ಚಲಿಸುವ ಬಗೆಯನ್ನು ೨೦೨೪ ಮತ್ತು ೨೦೨೫ರ ಫಲಿತಾಂಶಗಳು ತೋರಿಸುತ್ತವೆ. ೨೦೨೪ರಲ್ಲಿ ೭೨೦ಕ್ಕೆ ೭೨೦ ಅಂಕ ಪಡೆದವರು ಮೊದಲ ಪ್ರಕಟಣೆಯಲ್ಲಿ ೬೭ ಮಂದಿ. ಸರ್ವೋಚ್ಚ ನ್ಯಾಯಾಲಯದಲ್ಲಿ ವಿಚಾರಣೆ ನಡೆದು, ಭೌತಶಾಸ್ತ್ರದ ಪ್ರಶ್ನೆಯೊಂದರ ಸರಿಯುತ್ತರವು ನಿಶ್ಚಿತವಾದ ಮೇಲೆ ೧೭ ಮಂದಿ. ಮರುವರ್ಷ ಇಡೀ ದೇಶದ ಅತ್ಯುಚ್ಚ ಅಂಕವೇ ೬೮೬. ೨೦೨೪ರಲ್ಲಿ ೬೫೦ಕ್ಕಿಂತ ಹೆಚ್ಚು ಅಂಕ ಪಡೆದವರು ಸುಮಾರು ೩೦ ಸಾವಿರ ಮಂದಿ ಇದ್ದರೆ, ೨೦೨೫ರಲ್ಲಿ ಅಂಥವರು ನೂರಕ್ಕೂ ಕಡಿಮೆ. ಸಾಮಾನ್ಯ ವರ್ಗದ ಅರ್ಹತಾಂಕವು ೧೬೨ರಿಂದ ೧೪೪ಕ್ಕೆ ಇಳಿಯಿತು. ೨೦೨೪ರಲ್ಲಿ ೬೦೦ ಅಂಕ ಪಡೆದು ಸೀಟು ದೊರೆಯದೆ, ೨೦೨೫ರಲ್ಲಿ ಪುನಃ ಬರೆದು ೫೬೦ ಪಡೆದ ವಿದ್ಯಾರ್ಥಿಯನ್ನು ಕಲ್ಪಿಸಿಕೊಳ್ಳೋಣ. ಅಂಕಪಟ್ಟಿಯನ್ನು ಮಾತ್ರ ನೋಡುವ ತಂದೆಗೆ ಮಗ ನಲವತ್ತು ಅಂಕ ಹಿಂದೆ ಸರಿದಂತೆ ಕಂಡೀತು. ವಾಸ್ತವವಾಗಿ ಅವನು ಸಾಲಿನಲ್ಲಿ ಅನೇಕ ಸಾವಿರ ಸ್ಥಾನ ಮುಂದೆ ಹೋಗಿರುತ್ತಾನೆ.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಪುನಃ ಬರೆಯುವವನು ಹಿಂದಿನ ಪರೀಕ್ಷೆಯನ್ನೇ ಪುನಃ ಬರೆಯುವುದಿಲ್ಲ. ೨೦೨೧ರಿಂದ ೨೦೨೪ರವರೆಗೆ ೨೦೦ ಪ್ರಶ್ನೆಗಳಲ್ಲಿ ೧೮೦ನ್ನು ಆರಿಸಿ ಉತ್ತರಿಸುವ ಅವಕಾಶವಿದ್ದಿತು. ೨೦೨೪ರಲ್ಲಿ ಪಠ್ಯಕ್ರಮವು ಪರಿಷ್ಕೃತವಾಯಿತು. ೨೦೨೫ರಲ್ಲಿ ಆಯ್ಕೆಯ ಅವಕಾಶ ಹೋಗಿ ೧೮೦ ಪ್ರಶ್ನೆಗಳಿಗೆ ೧೮೦ ನಿಮಿಷಗಳೆಂದಾಯಿತು. ಪ್ರಶ್ನಪತ್ರಿಕೆ ಸೋರಿಕೆಯ ವಿವಾದದಿಂದಾಗಿ ೨೦೨೪ರ ಪರೀಕ್ಷೆಯ ಸಿಂಧುತ್ವವೇ ಜುಲೈ ೨೩ರವರೆಗೆ ನ್ಯಾಯಾಲಯದ ಮುಂದಿದ್ದಿತು. ಅದೇ ವಾರದಲ್ಲಿ ಕರ್ನಾಟಕ ವಿಧಾನಸಭೆಯು ಈ ಪರೀಕ್ಷೆಯನ್ನು ವಿರೋಧಿಸುವ ನಿರ್ಣಯವನ್ನು ಅಂಗೀಕರಿಸಿತು. ಹೀಗಿರುವಲ್ಲಿ, ಪುನಃ ಕುಳಿತುಕೊಳ್ಳುವವನು ತನ್ನ ಶ್ರಮವನ್ನಷ್ಟೇ ಅಲ್ಲ, ನಿಯಮಗಳ ಸ್ಥಿರತೆಯನ್ನೂ ನಂಬಬೇಕಾಗುತ್ತದೆ.

೫. ಪುನಃಪ್ರಯತ್ನದ ಸಾಕ್ಷ್ಯವನ್ನು ಓದುವ ಬಗೆ

‘ಸೀಟು ಪಡೆಯುವವರಲ್ಲಿ ಬಹುಪಾಲು ಎರಡನೆಯ ಸಲ ಬರೆದವರೇ’ ಎಂಬ ಮಾತು ವಿದ್ಯಾರ್ಥಿಗಳಲ್ಲಿ ಪ್ರಚಲಿತವಾಗಿದೆ. ಇದಕ್ಕೆ ನೆರೆಯ ತಮಿಳುನಾಡಿನಲ್ಲಿ ದಾಖಲೆಯಿದೆ. ಆ ಸರಕಾರವು ನೇಮಿಸಿದ ನ್ಯಾಯಮೂರ್ತಿ ಎ. ಕೆ. ರಾಜನ್ ಸಮಿತಿಯು ೨೦೨೧ರಲ್ಲಿ ಕೊಟ್ಟ ವರದಿಯ ಪ್ರಕಾರ, ಎಂ.ಬಿ.ಬಿ.ಎಸ್. ಸೇರಿದವರಲ್ಲಿ ಪುನಃಪ್ರಯತ್ನಿಗಳ ಪ್ರಮಾಣವು ೨೦೧೬-೧೭ರಲ್ಲಿ ಶೇಕಡಾ ೧೨.೪೭ ಇದ್ದುದು ೨೦೨೦-೨೧ರಲ್ಲಿ ಶೇಕಡಾ ೭೧.೪೨ಕ್ಕೆ ಏರಿತು. ಮೊದಲನೆಯ ವರ್ಷದಲ್ಲಿ ಅಲ್ಲಿ ಪ್ರವೇಶವು ಹನ್ನೆರಡನೆಯ ತರಗತಿಯ ಅಂಕಗಳ ಮೇಲೆ ನಡೆದಿದ್ದಿತು.

ಈ ಅಂಕಿಯು ಸತ್ಯವಾದರೂ ಅದರಿಂದ ತೆಗೆಯುವ ತೀರ್ಮಾನದಲ್ಲಿ ಎಚ್ಚರ ಬೇಕು. ಸೀಟು ಪಡೆದ ನೂರು ಮಂದಿಯಲ್ಲಿ ಎಪ್ಪತ್ತೊಂದು ಮಂದಿ ಪುನಃ ಬರೆದವರು ಎಂಬುದು ಒಂದು ಮಾತು. ಪುನಃ ಬರೆದ ನೂರು ಮಂದಿಯಲ್ಲಿ ಎಪ್ಪತ್ತೊಂದು ಮಂದಿ ಸೀಟು ಪಡೆದರು ಎಂಬುದು ಸಂಪೂರ್ಣ ಬೇರೆ ಮಾತು. ವರದಿಯ ಈ ಅಂಕಿಯು ಮೊದಲನೆಯದನ್ನು ಹೇಳುತ್ತದೆ. ಜನರು ಕೇಳಿಸಿಕೊಳ್ಳುವುದು ಎರಡನೆಯದನ್ನು. ಪುನಃ ಬರೆದು ಸೀಟು ಪಡೆಯದವರ ಲೆಕ್ಕವು ಈ ಪಟ್ಟಿಯಲ್ಲಿ ಬರುವುದೇ ಇಲ್ಲ.

ಶಾಸನಗಳನ್ನು ಓದುವ ಇತಿಹಾಸದ ವಿದ್ಯಾರ್ಥಿಗೆ ಇದು ಪರಿಚಿತವಾದ ಸಮಸ್ಯೆ. ಪ್ರಶಸ್ತಿ ಶಾಸನದಲ್ಲಿ ಅರಸನು ಗೆದ್ದ ಯುದ್ಧಗಳು ಮಾತ್ರ ಕಾಣುತ್ತವೆ. ಸೋತ ಯುದ್ಧಗಳನ್ನು ಅವನು ಕಲ್ಲಿನಲ್ಲಿ ಕೊರೆಯಿಸುವುದಿಲ್ಲ. ಆದುದರಿಂದ ನಾವು ಪ್ರಶಸ್ತಿಯನ್ನು ಸುಳ್ಳೆಂದು ಎಸೆಯುವುದೂ ಇಲ್ಲ, ಪೂರ್ಣಸತ್ಯವೆಂದು ನಂಬುವುದೂ ಇಲ್ಲ. ಅದನ್ನು ಬರೆಯಿಸಿದವನಾರು, ಏನನ್ನು ಬಿಟ್ಟಿದ್ದಾನೆ ಎಂದು ಕೇಳುತ್ತೇವೆ. ಪಟ್ಟಣಗಳ ರಸ್ತೆಬದಿಯಲ್ಲಿ ತರಬೇತಿ ಕೇಂದ್ರಗಳು ನಿಲ್ಲಿಸುವ, ನಗುಮುಖಗಳ ಸಾಲನ್ನುಳ್ಳ ಫಲಕಗಳು ನಮ್ಮ ಕಾಲದ ಪ್ರಶಸ್ತಿಗಳೆನ್ನಬಹುದು. ಅವುಗಳ ಮುಂದೆ ನಿಂತ ಪಾಲಕನು ಮೂರು ಪ್ರಶ್ನೆಗಳನ್ನು ಕೇಳಬೇಕು: ಕಳೆದ ವರ್ಷ ಪುನಃಪ್ರಯತ್ನಿಗಳ ತರಗತಿಗೆ ಸೇರಿದವರು ಎಷ್ಟು ಮಂದಿ? ನಡುವೆ ಬಿಟ್ಟುಹೋದವರು ಎಷ್ಟು? ಉಳಿದವರಲ್ಲಿ ತಮ್ಮ ಮೊದಲ ಕ್ರಮಾಂಕಕ್ಕಿಂತ ಮುಂದೆ ಹೋದವರೆಷ್ಟು? ಉತ್ತರ ದೊರೆಯದಿದ್ದರೆ ಆ ಮೌನವನ್ನೂ ಒಂದು ಸಾಕ್ಷ್ಯವೆಂದೇ ಎಣಿಸಬೇಕು.

೬. ನಿರ್ಣಯಕ್ಕೆ ಬೇಕಾದ ನಾಲ್ಕು ಅಳತೆಗಳು

ಹಾಗಾದರೆ ನಿರ್ಣಯವನ್ನು ಯಾವ ಆಧಾರದ ಮೇಲೆ ಮಾಡಬೇಕು? ನಾಲ್ಕು ಅಳತೆಗಳನ್ನು ಇಲ್ಲಿ ಸೂಚಿಸಬಹುದಾಗಿದೆ.

ಮೊದಲನೆಯದು ದೂರ. ವಿದ್ಯಾರ್ಥಿಯು ತನ್ನ ಅಂಕವನ್ನಲ್ಲ, ಕ್ರಮಾಂಕವನ್ನು ತೆಗೆದುಕೊಂಡು, ತನ್ನದೇ ವರ್ಗದಲ್ಲಿ ಸರಕಾರಿ ಸೀಟು ಮುಗಿದ ಕೊನೆಯ ಕ್ರಮಾಂಕದೊಡನೆ ಹೋಲಿಸಬೇಕು. ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಪ್ರತಿ ಸುತ್ತಿನ ಕೊನೆಯ ಕ್ರಮಾಂಕಗಳನ್ನು ಕಾಲೇಜುವಾರು ಪ್ರಕಟಿಸುತ್ತದೆ. ಒಂದೇ ವರ್ಷದ ಪಟ್ಟಿಯನ್ನು ನೆಚ್ಚದೆ ಮೂರು ವರ್ಷಗಳ ಪಟ್ಟಿಗಳನ್ನು ಜೊತೆಯಲ್ಲಿಟ್ಟು ನೋಡುವುದು ಲೇಸು. ಹಳ್ಳಿಯ ವಿದ್ಯಾರ್ಥಿಗಳು ಇಲ್ಲಿ ಒಂದು ವಿಷಯವನ್ನು ಮರೆಯಬಾರದು. ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇಕಡಾ ೧೫, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡಾ ೫ ಮೀಸಲಾತಿ ಪ್ರತಿ ವರ್ಗದೊಳಗೂ ಇದೆ. ಪಟ್ಟಿಯಲ್ಲಿ ವರ್ಗದ ಹೆಸರಿನ ಮುಂದೆ ಬರುವ ‘ಆರ್’ ಮತ್ತು ‘ಕೆ’ ಅಕ್ಷರಗಳು ಇವುಗಳನ್ನೇ ಸೂಚಿಸುತ್ತವೆ. ತಡಸದ ಶಾಲೆಯಲ್ಲಿ ಕನ್ನಡದಲ್ಲಿ ಓದಿ ಬಂದ ವಿದ್ಯಾರ್ಥಿನಿಯು ಸಾಮಾನ್ಯ ಸಾಲಿನ 'ಕಟಾಫ್' ನೋಡಿ ನಿರಾಶಳಾಗುವ ಮೊದಲು ಈ ಸಾಲುಗಳನ್ನು ನೋಡಬೇಕು. ಅದಕ್ಕೆ ಬೇಕಾದ ವ್ಯಾಸಂಗ ಪ್ರಮಾಣಪತ್ರಗಳನ್ನು ಕಾಲಕ್ಕೆ ಸರಿಯಾಗಿ ಮಾಡಿಸಿಕೊಳ್ಳಬೇಕು. ಕೊನೆಯ ಕ್ರಮಾಂಕಕ್ಕೆ ಸಮೀಪದಲ್ಲಿ ನಿಂತವಳಿಗೆ ಪುನಃಪ್ರಯತ್ನವು ವಿವೇಕದ ಮಾರ್ಗವಾಗಬಹುದು. ಹಲವು ಪಟ್ಟು ಹಿಂದೆ ನಿಂತವಳಿಗೆ ಅದೇ ಮಾತನ್ನು ಹೇಳಲು ವಿಶೇಷ ಕಾರಣ ಬೇಕು.

ಎರಡನೆಯದು ಕಾರಣ. ಸರಿಯುತ್ತರಕ್ಕೆ ನಾಲ್ಕು ಅಂಕ. ತಪ್ಪಿಗೆ ಒಂದು ಅಂಕ ಕಡಿತ. ಉತ್ತರಪತ್ರಿಕೆಯ ಪ್ರತಿಯೂ ಸರಿಯುತ್ತರಗಳ ಪಟ್ಟಿಯೂ ವಿದ್ಯಾರ್ಥಿಗೆ ದೊರೆಯುವುದರಿಂದ ತಪ್ಪುಗಳನ್ನು ಒಂದೊಂದಾಗಿ ವಿಂಗಡಿಸಲು ಸಾಧ್ಯವಿದೆ. ಉದಾಹರಣೆಗಾಗಿ, ೧೮೦ ಪ್ರಶ್ನೆಗಳಲ್ಲಿ ೧೧೦ ಸರಿ, ೬೦ ತಪ್ಪು, ೧೦ ಬಿಟ್ಟವು ಎಂದಿಟ್ಟುಕೊಂಡರೆ, ೪೪೦ರಲ್ಲಿ ೬೦ ಕಳೆದು ೩೮೦ ಅಂಕಗಳಾಗುತ್ತವೆ. ತಪ್ಪಾದ ಅರುವತ್ತರಲ್ಲಿ ಇಪ್ಪತ್ತು ಪ್ರಶ್ನೆಗಳು ವಿದ್ಯಾರ್ಥಿಗೆ ತಿಳಿದಿದ್ದೂ ಅವಸರದಿಂದ ಕೆಟ್ಟವಾಗಿದ್ದರೆ, ಅವು ಸರಿಯಾದಾಗ ಒಂದೊಂದಕ್ಕೆ ಐದರಂತೆ ನೂರು ಅಂಕ ಕೂಡಿ ೪೮೦ ಆಗುತ್ತದೆ. ಇದು ಒಂದು ವರ್ಷದ ಅಭ್ಯಾಸದಿಂದ ಸರಿಪಡಿಸಬಹುದಾದ ಕೊರತೆ. ಕಾಯಿಲೆಯಿಂದಾಗಲಿ, ಮನೆಯ ಆಪತ್ತಿನಿಂದಾಗಲಿ, ಪಠ್ಯದ ಒಂದು ಭಾಗವನ್ನು ಕಾಲೇಜಿನಲ್ಲಿ ಕಲಿಸದೆ ಬಿಟ್ಟುದರಿಂದಾಗಲಿ ಉಂಟಾದ ಕೊರತೆಯೂ ಅದೇ ಜಾತಿಯದು. ಆದರೆ ಪೂರ್ಣ ಸಿದ್ಧತೆಯ ಅನಂತರವೂ ತಪ್ಪುಗಳು ಮೂರೂ ವಿಷಯಗಳಲ್ಲಿ ಸಮವಾಗಿ ಹರಡಿದ್ದರೆ, ಅದೇ ಸಿದ್ಧತೆಯನ್ನು ಇನ್ನೊಮ್ಮೆ ಮಾಡುವುದರಿಂದ ಬೇರೆ ಫಲ ಹೇಗೆ ಬಂದೀತೆಂದು ಕೇಳಿಕೊಳ್ಳಬೇಕು. ಬದಲಿಸಲಿರುವ ಕಾರಣವನ್ನು ಹೆಸರಿಟ್ಟು ಹೇಳಲು ಬಾರದಿದ್ದರೆ ಪುನಃಪ್ರಯತ್ನಕ್ಕೆ ಆಧಾರವಿಲ್ಲವೆಂದೇ ತಿಳಿಯಬೇಕು.

ಪದವಿಪೂರ್ವ ಪರೀಕ್ಷೆಯ ಅಂಕಗಳ ವಿಷಯದಲ್ಲಿಯೂ ತಪ್ಪು ತಿಳಿವಳಿಕೆ ಇದೆ. ಕರ್ನಾಟಕದಲ್ಲಿ ೨೦೨೪ರಿಂದ ದ್ವಿತೀಯ ಪಿ.ಯು.ಸಿ.ಗೆ ವರ್ಷದಲ್ಲಿ ಮೂರು ಪರೀಕ್ಷೆಗಳ ಅವಕಾಶ ಬಂದಿತು. ಭೌತ, ರಸಾಯನ, ಜೀವಶಾಸ್ತ್ರಗಳಲ್ಲಿ ನಿಗದಿತ ಶೇಕಡಾ ಅಂಕವಿಲ್ಲದವನಿಗೆ, ಅಂದರೆ ಸಾಮಾನ್ಯ ವರ್ಗದಲ್ಲಿ ೫೦, ಮೀಸಲು ವರ್ಗಗಳಲ್ಲಿ ೪೦ ಇಲ್ಲದವನಿಗೆ, ಇದರಿಂದ ಉಪಯೋಗವುಂಟು. ಆದರೆ ಅಷ್ಟು ಇದ್ದವನು ಅಲ್ಲಿ ಇನ್ನಷ್ಟು ಅಂಕ ಹೆಚ್ಚಿಸಿಕೊಂಡರೆ ನೀಟ್ ಕ್ರಮಾಂಕವೇನೂ ಬದಲಾಗದು.

ಮೂರನೆಯದು ಸಾಧನ. ವರ್ಷವಿಡೀ ನಡೆಯುವ ತರಬೇತಿ, ಊಟ-ವಸತಿಗಳ ವೆಚ್ಚವು ಸಣ್ಣ ಹಿಡುವಳಿಯ ಮನೆಗೆ ಸಾಲವಾಗಿಯೇ ಬರುತ್ತದೆ. ಕೇಂದ್ರ ಶಿಕ್ಷಣ ಮಂತ್ರಾಲಯವು ೨೦೨೪ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ, ನಡುವೆ ಬಿಡುವ ವಿದ್ಯಾರ್ಥಿಗೆ ಉಳಿದ ಅವಧಿಯ ಶುಲ್ಕವನ್ನು ಹತ್ತು ದಿನಗಳೊಳಗೆ ಹಿಂದಿರುಗಿಸಬೇಕು. ಹಣ ಕಟ್ಟುವ ಮೊದಲೇ ಈ ಮಾತನ್ನು ಬರವಣಿಗೆಯಲ್ಲಿ ಪಡೆಯುವುದು ಜಾಣತನ. ರಾಜ್ಯದ ಪದವಿಪೂರ್ವ ವಿಜ್ಞಾನದ ಪಠ್ಯವು ೨೦೧೨-೧೩ರಿಂದ ಎನ್.ಸಿ.ಇ.ಆರ್.ಟಿ. ಪಠ್ಯವನ್ನೇ ಅನುಸರಿಸುತ್ತಿರುವುದರಿಂದ, ಕಾಲೇಜಿನಲ್ಲಿ ಬಳಸಿದ ಪುಸ್ತಕಗಳೇ ಮೂಲಾಧಾರವಾಗಿ ಉಳಿಯುತ್ತವೆ. ಕೊರತೆಯು ಒಂದೆರಡು ವಿಷಯಗಳಲ್ಲಿ ಮಾತ್ರವಿದ್ದರೆ ಮನೆಯಲ್ಲಿಯೇ ಓದುವುದೂ ಅಸಾಧ್ಯವಲ್ಲ. ಸಾಧನದ ಮಾತು ಇಲ್ಲಿಗೇ ನಿಲ್ಲುವುದಿಲ್ಲ. ಸರಕಾರಿ ಕಾಲೇಜಿನ ವಾರ್ಷಿಕ ಶುಲ್ಕವು ಕೆಲವು ಹತ್ತು ಸಾವಿರ ರೂಪಾಯಿಗಳಲ್ಲಿದ್ದರೆ, ಖಾಸಗಿ ಕಾಲೇಜಿನ ಖಾಸಗಿ ಸೀಟಿನದು ಹತ್ತು ಲಕ್ಷವನ್ನು ದಾಟಬಹುದು. ಆದುದರಿಂದ ಬಡ ವಿದ್ಯಾರ್ಥಿಯು ‘ಸೀಟು’ ಎಂದಾಗ ಯಾವ ಸೀಟೆಂಬುದನ್ನು ಮೊದಲೇ ನಿಶ್ಚಯಿಸಿಕೊಂಡು, ದೂರವನ್ನು ಅದರಿಂದಲೇ ಅಳೆಯತಕ್ಕದ್ದು.

ನಾಲ್ಕನೆಯದು ಕೈಯಲ್ಲಿರುವ ಮಾರ್ಗ. ಒಂದು ವರ್ಷದ ನೀಟ್ ಕ್ರಮಾಂಕವು ಇಲ್ಲಿಯ ಪ್ರವೇಶಕ್ಕೆ ಆ ವರ್ಷಕ್ಕೆ ಮಾತ್ರ ಸಲ್ಲುತ್ತದೆ. ಮರುವರ್ಷ ಕಡಿಮೆ ಬಂದರೆ ಹಳೆಯದನ್ನು ತೋರಿಸುವಂತಿಲ್ಲ. ಆದುದರಿಂದ ಆಯುರ್ವೇದ, ದಂತವೈದ್ಯಗಳ ಸೀಟು ದೊರೆಯುವಂತಿದ್ದರೆ, ಅದನ್ನು ಬಿಡುವುದೂ ಪುನಃಪ್ರಯತ್ನದ ಬೆಲೆಯೊಳಗೆ ಸೇರುತ್ತದೆ. ಹಂಚಿಕೆಯ ಕೊನೆಯ ಸುತ್ತುಗಳಲ್ಲಿ ಸೀಟು ಪಡೆದು ಬಿಟ್ಟರೆ ಠೇವಣಿಗೂ ಮುಂದಿನ ಅವಕಾಶಕ್ಕೂ ಧಕ್ಕೆ ಬರುವ ನಿಯಮಗಳಿರುವುದರಿಂದ, ಆ ವರ್ಷದ ನಿಯಮಾವಳಿಯನ್ನು ಓದದೆ ಹೆಜ್ಜೆಯಿಡಬಾರದು. ನರ್ಸಿಂಗ್, ಔಷಧಶಾಸ್ತ್ರ, ಪಶುವೈದ್ಯ, ಕೃಷಿ ಮುಂತಾದ ಮಾರ್ಗಗಳೂ ಉಂಟು. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕಾಲೇಜೊಂದು ರಾಣೆಬೆನ್ನೂರು ತಾಲೂಕಿನ ಹನುಮನಮಟ್ಟಿಯಲ್ಲಿಯೇ ಇದೆ. ಒಂದು ವ್ಯಾಸಂಗಕ್ಕೆ ಸೇರಿಕೊಂಡೇ ನೀಟ್‌ಗೂ ಓದುವವರಿದ್ದಾರೆ. ಎರಡು ದೋಣಿಗಳಲ್ಲಿ ಕಾಲಿಟ್ಟಂತೆ ಇದು ಕಷ್ಟಕರವಾದರೂ, ದೂರ ಅಲ್ಪವಾಗಿದ್ದವರಿಗೆ ವರ್ಷವನ್ನು ಪೂರ್ಣವಾಗಿ ಪಣಕ್ಕಿಡದೆ ಉಳಿಸಿಕೊಳ್ಳುವ ಉಪಾಯವಾಗಬಹುದು.

‘ವರ್ಷ ಹಾಳಾಗುವುದು’ ಎಂಬ ಭಯವನ್ನು ಮಾತ್ರ ಅತಿಯಾಗಿ ಮುಂದೊಡ್ಡಬಾರದು. ಎಂ.ಬಿ.ಬಿ.ಎಸ್. ವ್ಯಾಸಂಗವೇ ಗೃಹವೈದ್ಯ ತರಬೇತಿಯೂ ಸೇರಿ ಐದೂವರೆ ವರ್ಷಗಳದು. ಆ ಮೇಲೆ ಸ್ನಾತಕೋತ್ತರ ವ್ಯಾಸಂಗ ಬೇರೆ. ಇಷ್ಟು ದೀರ್ಘವಾದ ದಾರಿಯಲ್ಲಿ ಆಧಾರವುಳ್ಳ ಒಂದು ವರ್ಷವು ದೊಡ್ಡ ನಷ್ಟವಲ್ಲ. ನಷ್ಟವಾಗುವುದು ಅವಧಿಯನ್ನೇ ಗೊತ್ತುಮಾಡಿಕೊಳ್ಳದ ವರ್ಷಗಳು. ಈ ಪರೀಕ್ಷೆಗೆ ಇದ್ದ ೨೫ ವರ್ಷಗಳ ವಯೋಮಿತಿಯನ್ನು ೨೦೨೨ರಲ್ಲಿ ತೆಗೆದುಹಾಕಲಾಯಿತು. ಅವಕಾಶದ ದೃಷ್ಟಿಯಿಂದ ಇದು ಸ್ವಾಗತಾರ್ಹವೇ. ಆದರೆ ನಿಯಮವು ನಿಲ್ಲಿಸದಿರುವಾಗ ನಿಲ್ಲುವ ಸ್ಥಳವನ್ನು ವಿದ್ಯಾರ್ಥಿಯೇ ಗುರುತಿಸಿಕೊಳ್ಳಬೇಕಾಗುತ್ತದೆ. ಎಷ್ಟು ಸಲ, ಯಾವ ತಿಂಗಳವರೆಗೆ, ಅಭ್ಯಾಸ ಪರೀಕ್ಷೆಗಳಲ್ಲಿ ಎಷ್ಟು ಪ್ರಗತಿ ಕಂಡರೆ ಮುಂದುವರಿಯುವುದು ಎಂಬುದನ್ನು ಆರಂಭದಲ್ಲಿಯೇ ಬರೆದಿಡುವುದು ಲೇಸು. ನಿರಾಶೆಯ ನಡುವೆ ಕುಳಿತು ಇದನ್ನು ಗೊತ್ತುಮಾಡುವುದು ಯಾರಿಗೂ ಸುಲಭವಲ್ಲ.

೭. ಲೆಕ್ಕಕ್ಕೆ ಬಾರದ ಎರಡು ಸಂಗತಿಗಳು

ಅಳತೆಗಳ ಆಚೆಗೆ ಎರಡು ಸಂಗತಿಗಳಿವೆ. ಒಂದನೆಯದು ಹೆಣ್ಣುಮಕ್ಕಳ ಪ್ರಶ್ನೆ. ಮಗನಿಗೆ ‘ಇನ್ನೊಂದು ಸಲ ನೋಡೋಣ’ ಎನ್ನುವ ಮನೆಯಲ್ಲಿಯೇ ಮಗಳ ಪಾಲಿಗೆ ಆ ವರ್ಷವು ಮದುವೆಯ ಮಾತಿನ ವರ್ಷವಾಗಿ ಬದಲಾಗುವುದುಂಟು. ಇಲ್ಲಿ ದೂರ, ಕಾರಣಗಳನ್ನು ಅಳೆಯದೆಯೇ ನಿರ್ಣಯ ನಡೆದುಹೋಗಿರುತ್ತದೆ. ಅಧ್ಯಾಪಕನು ಅಂಕಿಗಳನ್ನು ಪಾಲಕರ ಮುಂದಿಡುವುದರಿಂದ ಆಗುವ ದೊಡ್ಡ ಉಪಯೋಗವೆಂದರೆ, ಮಗ-ಮಗಳಿಬ್ಬರಿಗೂ ಒಂದೇ ಅಳತೆಗೋಲನ್ನು ಹಿಡಿಯಬೇಕೆಂದು ಕೇಳಲು ಅವನಿಗೆ ನೆಲೆ ದೊರೆಯುವುದು.

ಎರಡನೆಯದು ಮನಸ್ಸಿನ ಆರೋಗ್ಯ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋವಿನ ಪ್ರಕಾರ ೨೦೨೨ರಲ್ಲಿ ದೇಶದಲ್ಲಿ ಆತ್ಮಹತ್ಯೆಗೆ ಬಲಿಯಾದ ವಿದ್ಯಾರ್ಥಿಗಳ ಸಂಖ್ಯೆ ೧೩,೦೪೪. ಇದಕ್ಕೆಲ್ಲ ಪರೀಕ್ಷೆಯೊಂದೇ ಕಾರಣವೆನ್ನುವಂತಿಲ್ಲ. ಆದರೂ ವಿಶಾಖಪಟ್ಟಣದಲ್ಲಿ ನೀಟ್ ತರಬೇತಿ ಪಡೆಯುತ್ತಿದ್ದ ಹದಿನೇಳು ವರ್ಷದ ವಿದ್ಯಾರ್ಥಿನಿಯೊಬ್ಬಳ ಸಾವಿನ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ೨೦೨೫ರ ಜುಲೈಯಲ್ಲಿ ವಿದ್ಯಾಸಂಸ್ಥೆಗಳಿಗೂ ತರಬೇತಿ ಕೇಂದ್ರಗಳಿಗೂ ಮಾನಸಿಕ ಆರೋಗ್ಯದ ಬಗೆಗೆ ಮಾರ್ಗಸೂಚಿಗಳನ್ನು ವಿಧಿಸಬೇಕಾಯಿತು. ನಿದ್ರೆ, ಊಟ, ಮಾತುಗಳು ಕೆಟ್ಟ ವಿದ್ಯಾರ್ಥಿಗೆ ಮೊದಲು ಬೇಕಾದುದು ಆರೈಕೆ. ಪುನಃಪರೀಕ್ಷೆಯ ಮಾತು ಆಮೇಲಿನದು. ೨೦೨೨ರಲ್ಲಿ ಆರಂಭವಾದ ‘ಟೆಲಿ-ಮನಸ್’ ಸಹಾಯವಾಣಿಯು ೧೪೪೧೬ ಸಂಖ್ಯೆಯಲ್ಲಿ ಕನ್ನಡದಲ್ಲಿಯೂ ಉಚಿತವಾಗಿ ದೊರೆಯುತ್ತದೆ. ಈ ಸಂಖ್ಯೆಯು ಪ್ರತಿಯೊಂದು ಕಾಲೇಜಿನ ಸೂಚನಾಫಲಕದ ಮೇಲೆ ಇರತಕ್ಕದ್ದು.

೮. ಉಪಸಂಹಾರ

ಇಷ್ಟರಿಂದ ಹೊರಡುವ ಅಭಿಪ್ರಾಯವನ್ನು ಸಂಗ್ರಹವಾಗಿ ಹೇಳಬಹುದು. ವೈದ್ಯಕೀಯ ಪ್ರವೇಶವು ಗೆರೆ ದಾಟುವ ಪರೀಕ್ಷೆಯಿಂದ ಸರತಿಯ ಸಾಲಿನ ಪರೀಕ್ಷೆಗೆ ಬದಲಾಗಿದೆ. ಆದುದರಿಂದ ಸೀಟು ದೊರೆಯದಿರುವುದು ವಿದ್ಯಾರ್ಥಿಯ ಯೋಗ್ಯತೆಯ ಮೇಲೆ ಕೊಟ್ಟ ತೀರ್ಪಲ್ಲ. ಅದೇ ಕಾರಣದಿಂದ, ಪುನಃ ಕುಳಿತರೆ ಸೀಟು ದೊರೆಯಲೇಬೇಕೆಂಬ ಭರವಸೆಯೂ ಇಲ್ಲ. ಲಜ್ಜೆಯಿಂದ ಬಿಡುವುದೂ ಹಟದಿಂದ ಹಿಡಿಯುವುದೂ ಎರಡೂ ಹಳೆಯ ಪರೀಕ್ಷೆಯ ಕಾಲಕ್ಕೆ ಸೇರಿದ ಮನೋಧರ್ಮಗಳು.

ಪ್ರತಿಯೊಂದು ಕಾಲೇಜಿನಲ್ಲಿಯೂ ಫಲಿತಾಂಶ ಬಂದ ವಾರದೊಳಗೆ ಒಬ್ಬಿಬ್ಬರು ಅಧ್ಯಾಪಕರು ಕುಳಿತು, ವಿದ್ಯಾರ್ಥಿ ಹಾಗೂ ಪಾಲಕರ ಸಮಕ್ಷಮದಲ್ಲಿ ದೂರ, ಕಾರಣ, ಸಾಧನ, ಕೈಯಲ್ಲಿರುವ ಮಾರ್ಗ ಎಂಬ ನಾಲ್ಕು ವಿಷಯಗಳನ್ನು ಒಂದು ಹಾಳೆಯ ಮೇಲೆ ಬರೆದು ಕೊಡುವ ಪರಿಪಾಠವನ್ನು ಹಾಕಿಕೊಳ್ಳಬಹುದು. ಇದಕ್ಕೆ ಹಣ ಬೇಕಾಗಿಲ್ಲ, ವಿಶೇಷ ತಜ್ಞರೂ ಬೇಕಾಗಿಲ್ಲ. ಪ್ರಾಧಿಕಾರದ ಮೂರು ವರ್ಷಗಳ ಪಟ್ಟಿಗಳೂ ಎರಡು ಗಂಟೆಗಳ ಸಮಯವೂ ಸಾಕು. ನಿರ್ಣಯವನ್ನು ವಿದ್ಯಾರ್ಥಿಯೇ ಮಾಡಬೇಕು. ಅವನು ಪುನಃ ಬರೆಯಲೆಂದು ನಿಶ್ಚಯಿಸಿದರೆ ಆ ಹಾಳೆಯೇ ಅವನ ವರ್ಷದ ಯೋಜನೆಯಾಗುವುದು. ಬೇರೆ ದಾರಿ ಹಿಡಿದರೆ, ತಾನು ಏಕೆ ಹಾಗೆ ಮಾಡಿದೆನೆಂಬುದಕ್ಕೆ ಮುಂದೆಯೂ ಅವನ ಕೈಯಲ್ಲಿ ಒಂದು ಲಿಖಿತ ಆಧಾರ ಉಳಿಯುವುದು.